ಹಳೆಯ ಜೀಪಿನ ಟೈಮಿಂಗು: ಅದರ ಪರೀಕ್ಷೆ ಹಾಗೂ ಜೋಪಾಸನೆ

ಒಕ್ಕಲಿಗನು ತನ್ನ ಎತ್ತಿನ ಹಲ್ಲು, ಗೊರಸು, ಹೆಗಲುಗಳನ್ನು ದಿನಾಲು ನೋಡಿಕೊಳ್ಳುವನು. ಎತ್ತು ಒಂದು ಹೊತ್ತು ಮೇವು ಬಿಟ್ಟರೂ ಅವನಿಗೆ ಕೂಡಲೆ ತಿಳಿಯುವದು. ಆದರೆ ಅದೇ ಮನೆಯ ಅಂಗಳದಲ್ಲಿ ನಿಂತಿರುವ ಮೋಟಾರ ಗಾಡಿಯ ಒಳಗಿನ ಬೇನೆಯು, ಗಾಡಿ ಪೂರಾ ನಿಂತುಬಿಡುವ ವರೆಗೆ ಯಾರ ಗಮನಕ್ಕೂ ಬರುವದಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಲಕಲ್ಲ ಭಾಗಗಳಲ್ಲಿ ಫಿರತಿಯ ಮೇಲೆ ಹೋದಾಗ, ಕೆಲವು ಒಕ್ಕಲು ಮನೆತನಗಳಲ್ಲಿ ಹಳೆಯ ಜೀಪುಗಳು ಇನ್ನೂ ಕೆಲಸದಲ್ಲಿರುವದನ್ನು ಕಂಡಿದ್ದೇನೆ. ಬೀಜ, ಗೊಬ್ಬರ, ಆಳುಗಳ ಬುತ್ತಿ ಇವನ್ನು ಹೊಲಕ್ಕೆ ಮುಟ್ಟಿಸುವದು, ಉಳ್ಳಾಗಡ್ಡಿ, ಮೆಣಸಿನಕಾಯಿಗಳ ಚೀಲಗಳನ್ನು ಪೇಟೆಗೆ ಒಯ್ಯುವದು ಮುಂತಾದ ಕೆಲಸಗಳು ಅವುಗಳಿಂದ ನಡೆಯುತ್ತವೆ. ಮಳೆಯಾದ ಮೇಲೆ ಎರೆಯ ಹೊಲದ ದಾರಿಯಲ್ಲಿ ಬೇರೆ ಗಾಡಿಗಳು ಹೂತುಕೊಳ್ಳುವಾಗ, ನಾಲ್ಕೂ ಗಾಲಿಗಳಿಂದ ಎಳೆಯುವ ಜೀಪು ಮುಂದೆ ಸಾಗುವದು. ಅಪರಾತ್ರಿಯಲ್ಲಿ ಹೆರಿಗೆಯ ಬೇನೆಯೋ ಹಾವು ಕಡಿತವೋ ಆದಾಗ ಊರಿನವರು ಮೊದಲು ಬಂದು ತಟ್ಟುವದು ಜೀಪಿದ್ದ ಮನೆಯ ಬಾಗಿಲನ್ನೇ. ಆದುದರಿಂದ ಅದರ ಜೋಪಾಸನೆಯು ಒಬ್ಬ ಮಾಲಕನ ಮನೆಯ ಕೆಲಸವಷ್ಟೇ ಅಲ್ಲ. ಊರಿನ ಹಿತಕ್ಕೂ ಸಂಬಂಧಪಟ್ಟದ್ದು.

ಈ ಲೇಖದಲ್ಲಿ ಎಂಜಿನ್ನಿನ ಒಂದೇ ಅಂಗವನ್ನು ಕುರಿತು ವಿಚಾರಿಸಲಾಗುವದು. ಅದಕ್ಕೆ ಮಿಸ್ತ್ರಿಗಳು ‘ಟೈಮಿಂಗು’ ಎನ್ನುವರು. ಈ ಭಾಗದ ದೋಷವು ಹೊರಗೆ ಕಾಣದಂಥದು. ಕೆಟ್ಟರೆ ಹಾನಿಯು ಮಾತ್ರ ದೊಡ್ಡದು.

ಜೀಪು ನಮ್ಮಲ್ಲಿಗೆ ಬಂದ ಬಗೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. 1941ರಿಂದ 1945ರ ವರೆಗೆ ಅಮೇರಿಕೆಯ ವಿಲ್ಲೀಸ್ ಹಾಗೂ ಫೋರ್ಡ್ ಕಾರಖಾನೆಗಳು ಸೈನ್ಯಕ್ಕಾಗಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ತಯಾರಿಸಿದವು. ಯುದ್ಧವು ಮುಗಿದ 1945ರಲ್ಲಿಯೇ ವಿಲ್ಲೀಸ್ ಕಾರಖಾನೆಯು ‘ಸಿಜೆ-2ಎ’ ಎಂಬ ನಾಗರಿಕ ಜೀಪನ್ನು ಹೊರತಂದಿತು. ಅದನ್ನು ಮುಖ್ಯವಾಗಿ ಒಕ್ಕಲಿಗರಿಗೆಂದೇ ಮಾರಲಾಯಿತು. ನೇಗಿಲು ಎಳೆಯುವ ಕೊಂಡಿ, ಬೇರೆ ಯಂತ್ರಗಳನ್ನು ತಿರುಗಿಸುವ ಪಟ್ಟಾಗಾಲಿ ಮುಂತಾದವುಗಳನ್ನು ಅದಕ್ಕೆ ಜೋಡಿಸಬಹುದಾಗಿತ್ತು. ನಮ್ಮ ದೇಶದಲ್ಲಿ 1945ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು 1947ರಿಂದ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ‘ಸಿಜೆ-3ಬಿ’ ಎಂಬ ಎತ್ತರ ಮೂತಿಯ ಮಾದರಿಯು ಇಲ್ಲಿಯೇ ತಯಾರಾಗಿ ಬಹುಕಾಲ ನಡೆಯಿತು. ಕ್ರಮೇಣ ಡೀಸೆಲ್ ಎಂಜಿನ್ನುಗಳುಳ್ಳ ಜೀಪುಗಳೂ ಬಂದವು. ಹಳೆಯ ಪೆಟ್ರೋಲ್ ಜೀಪುಗಳಿಗೆ ಡೀಸೆಲ್ ಎಂಜಿನ್ನು ಕೂರಿಸಿದ್ದೂ ಉಂಟು.

ಪೆಟ್ರೋಲ್ ಜೀಪುಗಳಲ್ಲಿ ಎರಡು ಬಗೆಯ ಎಂಜಿನ್ನುಗಳಿರುವವು. ಮೊದಲಿನದರಲ್ಲಿ ಎಲ್ಲ ವಾಲ್ವುಗಳು ಎಂಜಿನ್ನಿನ ಪಕ್ಕದಲ್ಲಿ ಇರುವವು. ಸಿಜೆ-3ಬಿಯಲ್ಲಿ ಒಳಸೇದುವ ವಾಲ್ವುಗಳು ಮೇಲೆ ತಲೆಯಲ್ಲಿಯೂ, ಹೊಗೆ ಬಿಡುವ ವಾಲ್ವುಗಳು ಪಕ್ಕದಲ್ಲಿಯೂ ಇರುವವು. ಎರಡರ ಅಳತೆಯೂ ಒಂದೇ: ಸುಮಾರು 2200 ಘನ ಸೆಂಟಿಮೀಟರು, ನಾಲ್ಕು ಸಿಲಿಂಡರುಗಳು. ಕೆಳಗೆ ಹೇಳುವ ಅಳತೆಗಳು ಈ ಎರಡು ಎಂಜಿನ್ನುಗಳಿಗೆ ಸಂಬಂಧಪಟ್ಟವು.

ಟೈಮಿಂಗು ಎಂದರೇನು?

ಇಲಕಲ್ಲ ಸೀರೆ ನೇಯುವ ಕುಣಿಮಗ್ಗವನ್ನು ನೋಡದವರು ನಮ್ಮ ಭಾಗದಲ್ಲಿ ವಿರಳ. ನೇಕಾರನು ಕಾಲಿನಿಂದ ತುಳಿದಾಗ ಹಾಸಿನ ಎಳೆಗಳು ಎರಡಾಗಿ ತೆರೆಯುವವು; ತೆರೆದ ಆ ಕ್ಷಣದಲ್ಲಿಯೇ ಲಾಳಿ ಹಾಯಬೇಕು; ಹಾಯ್ದ ಮೇಲೆಯೇ ಹಣಿಗೆ ಬಡಿಯಬೇಕು. ಕಾಲು ಹಿಂದಾಗಿ ಲಾಳಿ ಮುಂದಾದರೆ ಎಳೆ ಹರಿಯುವದು. ಎಂಜಿನ್ನಿನಲ್ಲಿಯೂ ಹೀಗೆಯೇ. ಪಿಸ್ಟನ್ನು ಕೆಳಗಿಳಿಯುವಾಗ ಒಳಸೇದುವ ವಾಲ್ವು ತೆರೆದಿರಬೇಕು. ಮೇಲೇರಿ ಒತ್ತುವಾಗ ಎರಡೂ ವಾಲ್ವುಗಳು ಮುಚ್ಚಿರಬೇಕು. ಒತ್ತಿ ತುದಿಗೆ ಮುಟ್ಟುವಷ್ಟರಲ್ಲಿ ಕಿಡಿ ಹಾರಬೇಕು. ಉರಿದ ಹೊಗೆಯನ್ನು ತಳ್ಳುವಾಗ ಹೊಗೆಯ ವಾಲ್ವು ತೆರೆಯಬೇಕು. ಈ ಮೇಳಕ್ಕೇ ಟೈಮಿಂಗು ಎಂದು ಹೆಸರು.

ಈ ಮೇಳವನ್ನು ಕಾಯುವ ಭಾಗಗಳು ಇಂತಿವೆ. ಪಿಸ್ಟನ್ನುಗಳು ತಿರುಗಿಸುವ ದೊಡ್ಡ ದಂಡಕ್ಕೆ ಕ್ರ್ಯಾಂಕು ಎನ್ನುವರು. ವಾಲ್ವುಗಳನ್ನು ಎತ್ತುವ ದಂಡಕ್ಕೆ ಕ್ಯಾಮು ಎಂದು ಹೆಸರು. ಎಂಜಿನ್ನಿನ ಮುಂಭಾಗದಲ್ಲಿ, ಒಂದು ತಗಡಿನ ಮುಚ್ಚಳದ ಹಿಂದೆ, ಕ್ರ್ಯಾಂಕಿನ ಮೇಲೆ ಒಂದು ಚಿಕ್ಕ ಹಲ್ಲುಗಾಲಿಯೂ ಕ್ಯಾಮಿನ ಮೇಲೆ ಒಂದು ದೊಡ್ಡ ಹಲ್ಲುಗಾಲಿಯೂ ಕೂಡಿಕೊಂಡಿರುವವು. ದೊಡ್ಡದಕ್ಕೆ ಚಿಕ್ಕದರ ಎರಡರಷ್ಟು ಹಲ್ಲುಗಳು. ಆದುದರಿಂದ ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಕ್ಯಾಮು ಒಂದೇ ಸುತ್ತು ತಿರುಗುವದು. ಕ್ಯಾಮಿನಿಂದ ಎಣ್ಣೆಯ ಪಂಪು ತಿರುಗುವದು. ಪಂಪಿನ ದಂಡದ ಸೀಳಿನಲ್ಲಿ ಸಿಕ್ಕಿಕೊಂಡು, ಕಿಡಿಯನ್ನು ಹಂಚುವ ಡಿಸ್ಟ್ರಿಬ್ಯೂಟರು ತಿರುಗುವದು. ಅಂದಮೇಲೆ ಆ ಎರಡು ಹಲ್ಲುಗಾಲಿಗಳಲ್ಲಿ ಒಂದು ಹಲ್ಲಿನ ತಪ್ಪಾದರೂ ವಾಲ್ವು, ಕಿಡಿ ಎರಡೂ ಕೂಡಿಯೇ ತಪ್ಪುವವು.

ಮೊದಮೊದಲಿನ ಯುದ್ಧಕಾಲದ ಎಂಜಿನ್ನುಗಳಲ್ಲಿ ಹಲ್ಲುಗಾಲಿಗಳು ಒಂದಕ್ಕೊಂದು ಮುಟ್ಟದೆ, ನಡುವೆ ಸರಪಳಿ ಇರುತ್ತಿತ್ತು. ಸರಪಳಿಯಿದ್ದಲ್ಲಿ ಕ್ಯಾಮು ಕ್ರ್ಯಾಂಕಿನ ದಿಕ್ಕಿನಲ್ಲಿಯೇ ತಿರುಗುವದು. ಹಲ್ಲುಗಾಲಿಗಳು ನೇರವಾಗಿ ಕೂಡಿದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವದು. ಆದಕಾರಣ ಒಂದರ ಕ್ಯಾಮು, ಎಣ್ಣೆಪಂಪುಗಳು ಇನ್ನೊಂದಕ್ಕೆ ನಡೆಯುವದಿಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ಭಾಗಗಳನ್ನು ಕೊಳ್ಳುವಾಗ, ತಮ್ಮ ಎಂಜಿನ್ನು ಯಾವ ಬಗೆಯದೆಂಬದನ್ನು ಮುಚ್ಚಳ ತೆಗೆಸಿ ನೋಡಿಯೇ ಕೊಳ್ಳತಕ್ಕದ್ದು.

ಕಣ್ಣಾರೆ ಕಂಡ ಒಂದು ಪ್ರಸಂಗ

ಹುನಗುಂದದ ಎರೆಯ ಸೀಮೆಯಲ್ಲಿ ಒಂದು ಊರು. ಹಿಂಗಾರಿಯ ಬಿಳಿಜೋಳ ಬಿತ್ತುವ ಹದ ಬಂದಿತ್ತು. ಅಲ್ಲಿಯ ಒಬ್ಬ ಜಮೀನದಾರರ ಜೀಪು ಎರಡು ವರ್ಷಗಳಿಂದ ಮೈಗಳ್ಳ ಎತ್ತಿನಂತೆ ನಡೆಯುತ್ತಿತ್ತು. ಎಂಜಿನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದಂದಿನಿಂದ ಏರು ಹತ್ತುವಾಗ ಏದುತ್ತಿತ್ತು, ಪೆಟ್ರೋಲು ಮಾತ್ರ ಬಹಳ ಕುಡಿಯುತ್ತಿತ್ತು. ಒಬ್ಬ ಮಿಸ್ತ್ರಿಯು ಡಿಸ್ಟ್ರಿಬ್ಯೂಟರನ್ನು ಸಡಿಲಿಸಿ, ಎಂಜಿನ್ನು ಚುರುಕಾಗುವ ವರೆಗೆ ತಿರುಗಿಸಿ ಬಿಗಿದುಕೊಟ್ಟನು. ಗಾಡಿ ಒಂದಿಷ್ಟು ಚೆನ್ನಾಗಿ ಎಳೆಯಿತು, ಎಲ್ಲರಿಗೂ ಸಮಾಧಾನವಾಯಿತು.

ಮರುದಿನ ನಸುಕಿನಲ್ಲಿ ಬ್ಯಾಟರಿ ಸೋತಿದ್ದರಿಂದ, ಮನೆಯ ಹಿರಿಯ ಮಗನು ಮುಂದಿನ ಹ್ಯಾಂಡಲು ಹಾಕಿ ತಿರುಗಿಸಿದನು. ಪಿಸ್ಟನ್ನು ತುದಿಗೆ ಮುಟ್ಟುವ ಬಹು ಮುಂಚೆಯೇ ಕಿಡಿ ಹಾರಿ ಎಂಜಿನ್ನು ಹಿಂದಕ್ಕೆ ಒದೆಯಿತು. ಹ್ಯಾಂಡಲು ತಿರುಗಿ ಬಡಿದು, ಆ ತರುಣನ ಬಲಗೈ ಮಣಿಕಟ್ಟಿನ ಎಲುಬು ಮುರಿಯಿತು. ಕೂರಿಗೆ ಹಿಡಿಯುವ ಕೈಯೇ ಅದು. ಬಿತ್ತುವ ಹದವಿದ್ದ ದಿನಗಳು ದವಾಖಾನೆಯಲ್ಲಿ ಕಳೆದವು; ಅವನು ತಾನಾಗಿ ಕೂರಿಗೆ ಹಿಡಿಯುವದು ಆ ಹಂಗಾಮಿನಲ್ಲಿ ಆಗಲೇ ಇಲ್ಲ.

ಮುಂದೆ ನನ್ನ ಎದುರಿಗೇ ಮುಂದಿನ ಮುಚ್ಚಳ ತೆಗೆಸಿ ನೋಡಲಾಗಿ, ಎಂಜಿನ್ನು ಕಟ್ಟಿದವರು ದೊಡ್ಡ ಹಲ್ಲುಗಾಲಿಯನ್ನು ಒಂದು ಹಲ್ಲು ಹಿಂದಕ್ಕೆ ಕೂರಿಸಿದ್ದು ಕಂಡುಬಂದಿತು. ವಾಲ್ವುಗಳು ತಡವಾಗಿ ತೆರೆಯುತ್ತಿದ್ದುದೇ ಎಂಜಿನ್ನಿನ ಸೋಮಾರಿತನಕ್ಕೆ ಕಾರಣ. ಮಿಸ್ತ್ರಿಯು ಆ ಮೂಲವನ್ನು ಹುಡುಕದೆ, ಕಿಡಿಯನ್ನು ಮಿತಿ ಮೀರಿ ಮುಂದಕ್ಕೆ ತಂದು ಮೇಲಿನ ಲಕ್ಷಣವನ್ನು ಮುಚ್ಚಿದ್ದನು. ಕೆಳಗೆ ಹೇಳುವ ಅರ್ಧ ತಾಸಿನ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ ಎರಡು ವರ್ಷದ ಪೆಟ್ರೋಲೂ ಆ ಕೈಯೂ ಉಳಿಯುತ್ತಿದ್ದವು.

ದೋಷದ ಲಕ್ಷಣಗಳು

ಮಾಲಕರು ಈ ಕೆಳಗಿನ ಚಿಹ್ನೆಗಳನ್ನು ಲಕ್ಷ್ಯದಲ್ಲಿಡಬೇಕು:

(1) ಎಂಜಿನ್ನು ನಿಧಾನವಾಗಿ ತಿರುಗುತ್ತಿರುವಾಗ ಮುಂದಿನ ಮುಚ್ಚಳದೊಳಗೆ ಗಡಗಡ ಸಪ್ಪಳ.

(2) ಮೊದಲಿನಷ್ಟು ಎಳೆತವಿಲ್ಲದಿರುವದು. ಏರಿನಲ್ಲಿ ಎಂಜಿನ್ನು ಬೇಗನೆ ಕಾಯುವದು.

(3) ಕಾರ್ಬ್ಯುರೇಟರಿನೊಳಗಿಂದ ಸಿಡಿದಂತೆ ‘ಫಟ್’ ಎಂಬ ಸಪ್ಪಳ.

(4) ಹ್ಯಾಂಡಲು ಹಿಂದಕ್ಕೆ ಒದೆಯುವದು. ಇದು ಕಿಡಿಯು ಬಹಳ ಮುಂಚೆ ಹಾರುವದರ ಗುರುತು.

(5) ಬಸಿದ ಎಣ್ಣೆಯಲ್ಲಿ ಕಂದುಬಣ್ಣದ ನಾರಿನ ಚೂರುಗಳು. ಅನೇಕ ಜೀಪುಗಳಲ್ಲಿ ಕ್ಯಾಮಿನ ದೊಡ್ಡ ಗಾಲಿಯನ್ನು ಸಪ್ಪಳ ಕಡಿಮೆಯಾಗಲೆಂದು ಗಟ್ಟಿ ನಾರಿನ ವಸ್ತುವಿನಿಂದ ಮಾಡಿರುವರು. ಅದರ ಹಲ್ಲುಗಳು ಸವೆಯತೊಡಗಿದರೆ ಆ ಚೂರುಗಳು ಎಣ್ಣೆಯಲ್ಲಿ ಬೀಳುವವು.

ಇವುಗಳಲ್ಲಿ ಎರಡನೆಯ, ಮೂರನೆಯ ಲಕ್ಷಣಗಳು ಬೇರೆ ಕಾರಣಗಳಿಂದಲೂ ಆಗಬಹುದು. ನಮ್ಮ ದೇಶದ ಪೆಟ್ರೋಲಿನಲ್ಲಿ 2025ರ ಹೊತ್ತಿಗೆ ಎಥೆನಾಲಿನ ಪ್ರಮಾಣವು ನೂರಕ್ಕೆ 20ರ ವರೆಗೆ ಏರಿದೆ. ಹಳೆಯ ಕಾರ್ಬ್ಯುರೇಟರು ಆ ಇಂಧನಕ್ಕಾಗಿ ಮಾಡಿದ್ದಲ್ಲ. ಮಿಶ್ರಣವು ತೆಳುವಾಗಿ ಎಂಜಿನ್ನು ಸಿಡಿಯಬಹುದು, ಪೆಟ್ರೋಲ್ ಪಂಪಿನ ಹಳೆಯ ರಬ್ಬರು ಪೊರೆಯು ಹಾಳಾಗಬಹುದು. ಆದುದರಿಂದ ಸಿಡಿತ ಕೇಳಿದ ಕೂಡಲೆ ಮುಚ್ಚಳ ಬಿಚ್ಚದೆ, ಮೊದಲು ಪರೀಕ್ಷೆ ಮಾಡಬೇಕು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಗಳು

ಬೇಕಾಗುವ ಸಾಮಾನುಗಳು: ಪ್ಲಗ್ಗು ಬಿಚ್ಚುವ ಪಾನಾ, ತೆಳುವಾದ ಉಕ್ಕಿನ ಎಲೆಗಳ ಫೀಲರ್ ಗೇಜು, ಎರಡು ತಂತಿ ಕಟ್ಟಿದ ಒಂದು ಚಿಕ್ಕ ಬಲ್ಬು, ಸೀಮೆಸುಣ್ಣ. ಗಾಡಿಯನ್ನು ಸಮನಾದ ನೆಲದ ಮೇಲೆ ನಿಲ್ಲಿಸಿ, ಗೇರು ತೆಗೆದು, ಹ್ಯಾಂಡಬ್ರೇಕು ಎಳೆದು, ಗಾಲಿಗಳಿಗೆ ಕಲ್ಲು ಕೊಟ್ಟು, ಇಗ್ನಿಷನ್ನು ಮುಚ್ಚಿರಬೇಕು.

*ಮೊದಲನೆಯ ಪರೀಕ್ಷೆ: ಸವಕಳಿ.* ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿದರೆ ಎಂಜಿನ್ನು ಕೈಯಿಂದಲೇ ಹಗುರಾಗಿ ತಿರುಗುವದು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಒಳಗಿನ ರೋಟರನ್ನು ಒಬ್ಬರು ನೋಡುತ್ತಿರಬೇಕು. ಇನ್ನೊಬ್ಬರು ಫ್ಯಾನಿನ ಪಟ್ಟಾ ಹಿಡಿದು ಎಂಜಿನ್ನನ್ನು ಮುಂದಕ್ಕೆ ಸ್ವಲ್ಪ ತಿರುಗಿಸಿ ನಿಲ್ಲಿಸಿ, ಕ್ರ್ಯಾಂಕಿನ ರಾಟೆಯ ಅಂಚಿಗೆ ಸೀಮೆಸುಣ್ಣದಿಂದ ಗುರುತು ಮಾಡಬೇಕು. ಅನಂತರ ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ರೋಟರು ಅಲುಗುವ ಮೊದಲು ರಾಟೆಯು ಎಷ್ಟು ಸರಿಯಿತೆಂಬದೇ ಹಲ್ಲುಗಳ ಸಡಿಲು. ಹ್ಯಾಂಡಲು ಒಂದೇ ದಿಕ್ಕಿಗೆ ಹಿಡಿಯುವದರಿಂದ ಹಿಂದಕ್ಕೆ ತಿರುಗಿಸಲು ಅದು ಉಪಯೋಗಕ್ಕೆ ಬಾರದು. ಈ ಅಳತೆಯನ್ನು ಒಂದು ವಹಿಯಲ್ಲಿ ತಾರೀಖಿನೊಡನೆ ಬರೆದಿಟ್ಟು ಪ್ರತಿವರ್ಷ ತಾಳೆ ನೋಡಬೇಕು. ಸಡಿಲು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ನಡೆದಿದ್ದರೆ, ಮುರಿಯುವ ದಾರಿಯನ್ನು ಕಾಯದೆ ಗಾಲಿಗಳನ್ನು ಬದಲಿಸತಕ್ಕದ್ದು.

*ಎರಡನೆಯ ಪರೀಕ್ಷೆ: ವಾಲ್ವುಗಳ ಕಾಲ.* ಮೊದಲು ತಣ್ಣಗಿನ ಎಂಜಿನ್ನಿನಲ್ಲಿ ಟ್ಯಾಪೆಟ್ಟುಗಳ ಸಂದು ಸರಿಯಾಗಿರಬೇಕು. ಪಕ್ಕದ ವಾಲ್ವಿನ ಎಂಜಿನ್ನಿನಲ್ಲಿ ಎರಡಕ್ಕೂ 0.016 ಅಂಗುಲ, ಸಿಜೆ-3ಬಿಯ ಎಂಜಿನ್ನಿನಲ್ಲಿ ಒಳಸೇದುವದಕ್ಕೆ 0.018, ಹೊಗೆಯದಕ್ಕೆ 0.016 ಅಂಗುಲ. ಸಂದು ಕಡಿಮೆಯಾದರೆ ಹೊಗೆಯ ವಾಲ್ವು ಪೂರಾ ಮುಚ್ಚದೆ ಸುಡುವದು. ಅನಂತರ ಎಂಜಿನ್ನನ್ನು ಮುಂದಕ್ಕೆ ಮೆಲ್ಲಗೆ ತಿರುಗಿಸುತ್ತ, ಒಂದನೆಯ ಸಿಲಿಂಡರಿನ ಒಳಸೇದುವ ವಾಲ್ವಿನ ಸಂದು ಮುಗಿದು ಟ್ಯಾಪೆಟ್ಟು ಬಿಗಿಯಾಗುವ ಕ್ಷಣದಲ್ಲಿ ನಿಲ್ಲಿಸಬೇಕು. ಈ ವಾಲ್ವು ಪಿಸ್ಟನ್ನು ತುದಿಗೆ ಮುಟ್ಟುವದಕ್ಕೆ 9 ಅಂಶ ಮೊದಲು ತೆರೆಯತಕ್ಕದ್ದು. ಎಂಜಿನ್ನಿನ ಹಿಂಭಾಗದ ಫ್ಲಾಯ್‌ವ್ಹೀಲಿನ ಮೇಲೆ ‘ಐಒ’ ಎಂಬ ಅಕ್ಷರಗಳಿಂದ ಈ ಸ್ಥಾನವನ್ನೂ, ‘ಟಿಸಿ’ ಎಂಬವುಗಳಿಂದ ಪಿಸ್ಟನ್ನಿನ ತುದಿಯನ್ನೂ ಇಂಗ್ಲಿಷಿನಲ್ಲಿ ಕೊರೆದಿರುವರು; ಹೊದಿಕೆಯ ಕಿಂಡಿಯಿಂದ ಅವು ಕಾಣುವವು. ಗುರುತು ಸ್ವಲ್ಪ ಹಿಂದುಮುಂದಾಗಿದ್ದರೆ ದೋಷವೆಣಿಸಬಾರದು. ಆದರೆ ಒಂದು ಹಲ್ಲು ತಪ್ಪಿದ್ದರೆ ಕ್ರ್ಯಾಂಕಿನ ಲೆಕ್ಕದಲ್ಲಿ 10 ಅಂಶಕ್ಕೂ ಮೀರಿ ಅಂತರ ಬೀಳುವದು, ಅದು ಮರೆಯಾಗಲಾರದು.

*ಮೂರನೆಯ ಪರೀಕ್ಷೆ: ಕಿಡಿಯ ಕಾಲ.* ವಾಲ್ವುಗಳ ಕಾಲವು ಸರಿಯೆಂದು ಖಾತ್ರಿಯಾದ ಮೇಲೆಯೇ ಕಿಡಿಯನ್ನು ಮುಟ್ಟಬೇಕು. ಈ ಕ್ರಮವನ್ನು ಎಂದಿಗೂ ತಲೆಕೆಳಗು ಮಾಡಬಾರದು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ ಸಂದು 0.020 ಅಂಗುಲ, ಪ್ಲಗ್ಗಿನ ಸಂದು 0.030 ಅಂಗುಲ ಇರಬೇಕು. ಒಂದನೆಯ ಪ್ಲಗ್ಗಿನ ತೂತಿಗೆ ಹೆಬ್ಬೆರಳು ಒತ್ತಿ ಎಂಜಿನ್ನು ತಿರುಗಿಸಿದರೆ, ಒತ್ತುವ ಸುತ್ತಿನಲ್ಲಿ ಗಾಳಿಯು ಬೆರಳನ್ನು ಹೊರಗೆ ತಳ್ಳುವದು. ಆಗ ಮೆಲ್ಲಗೆ ತಿರುಗಿಸಿ ತುದಿಗಿಂತ 5 ಅಂಶ ಹಿಂದಿನ ಗುರುತಿಗೆ ನಿಲ್ಲಿಸಬೇಕು. ಬಲ್ಬಿನ ಒಂದು ತಂತಿಯನ್ನು ಡಿಸ್ಟ್ರಿಬ್ಯೂಟರಿನ ಪಕ್ಕದ ತಂತಿಯ ತಿರುಪಿಗೂ, ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಚ್ಚಿ ಇಗ್ನಿಷನ್ನು ತೆರೆಯಬೇಕು. ಪಾಯಿಂಟುಗಳು ಕೂಡಿರುವಾಗ ಬಲ್ಬು ಆರಿರುವದು; ಅಗಲಿದ ಕೂಡಲೆ ಹೊತ್ತುವದು. ರೋಟರು ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವದು. ಡಿಸ್ಟ್ರಿಬ್ಯೂಟರಿನ ಮೈಯನ್ನು ಅದಕ್ಕೆ ಎದುರಾಗಿ, ಅಂದರೆ ಮುಳ್ಳಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿ, ಬಲ್ಬು ಹೊತ್ತಿದ ಸ್ಥಾನದಲ್ಲಿ ಬಿಗಿಯಬೇಕು. ಪ್ಲಗ್ಗಿನ ತಂತಿಗಳು 1, 3, 4, 2 ಈ ಕ್ರಮದಲ್ಲಿ ಇರತಕ್ಕದ್ದು.

ಹಲ್ಲುಗಾಲಿ ಬದಲಿಸುವಾಗ

ಇದು ಅನುಭವಿಕ ಮಿಸ್ತ್ರಿಯ ಕೆಲಸ. ಆದರೆ ಮಾಲಕರು ಹತ್ತಿರ ನಿಂತು ಈ ಸಂಗತಿಗಳನ್ನು ನೋಡಿಕೊಳ್ಳಬೇಕು.

ಬ್ಯಾಟರಿಯ ತಂತಿ ಬಿಚ್ಚಿ, ಎಂಜಿನ್ನನ್ನು ಒಂದನೆಯ ಸಿಲಿಂಡರಿನ ತುದಿಗೆ ನಿಲ್ಲಿಸಿ, ರೋಟರು ಯಾವ ಕಡೆಗೆ ಮುಖ ಮಾಡಿದೆಯೆಂದು ಗುರುತಿಟ್ಟುಕೊಂಡೇ ಬಿಚ್ಚಲಿಕ್ಕೆ ಆರಂಭಿಸಬೇಕು. ರೇಡಿಯೇಟರು, ಪಟ್ಟಾ, ರಾಟೆ, ಮುಚ್ಚಳ ಇವು ಕ್ರಮವಾಗಿ ಹೊರಬರುವವು. ಗಾಲಿಗಳನ್ನು ಎಳೆಯುವ ಸಾಧನದಿಂದಲೇ ತೆಗೆಯಬೇಕು, ಸುತ್ತಿಗೆಯಿಂದ ಬಡಿಯಗೊಡಬಾರದು. ಕ್ಯಾಮಿನ ಮೇಲೆ ಬಡಿದರೆ ಅದು ಹಿಂದಕ್ಕೆ ಸರಿದು, ಎಂಜಿನ್ನಿನ ಹಿಂತುದಿಯ ತಗಡಿನ ಬಿರಡೆಯನ್ನು ತಳ್ಳುವದು. ಆಮೇಲೆ ಎಣ್ಣೆ ಸೋರಿ ಕ್ಲಚ್ಚಿಗೆ ಇಳಿಯುವದು. ಮುಂದಿನದನ್ನು ಸರಿಮಾಡಹೋಗಿ ಹಿಂದಿನದನ್ನು ಕೆಡಿಸಿದಂತೆ ಆಗುವದು.

ಹೊಸ ಗಾಲಿಗಳನ್ನು ಜೋಡಿಯಾಗಿಯೇ ಹಾಕಿಸಬೇಕು. ಸವೆದ ಗಾಲಿಯೊಡನೆ ಹೊಸದನ್ನು ಕೂಡಿಸಿದರೆ ಹೊಸದೂ ಬೇಗನೆ ಸವೆಯುವದು. ಎರಡೂ ಗಾಲಿಗಳ ಮೇಲೆ ಕಾರಖಾನೆಯವರು ಒಂದೊಂದು ಗುರುತು ಹಾಕಿರುವರು. ಅವು ಒಂದಕ್ಕೊಂದು ಎದುರಾಗಿ ಕೂಡಬೇಕು. ಮುಚ್ಚಳ ಹಾಕುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಎದುರಾದವೋ ಎಂದು ಮಾಲಕರು ಸ್ವತಃ ನೋಡಬೇಕು. ಹುನಗುಂದದ ಆ ಜೀಪಿನ ವಿಷಯದಲ್ಲಿ ಈ ಒಂದು ನೋಟವೇ ತಪ್ಪಿಹೋಗಿತ್ತು. ಕ್ಯಾಮಿನ ಹಿಂದು-ಮುಂದಿನ ಅಲುಗಾಟವು 0.004ರಿಂದ 0.007 ಅಂಗುಲದ ಒಳಗೆ ಇರಬೇಕು.

ಹಲ್ಲುಗಳು ಕೂಡುವ ಸ್ಥಳಕ್ಕೆ ಎದುರಾಗಿ ಎಂಜಿನ್ನಿನ ಮೈಯಲ್ಲಿ ಸೂಜಿಯ ಕಣ್ಣಿನಂಥ ತೂತುಳ್ಳ ಒಂದು ಸಣ್ಣ ನಳಿಗೆ ಇರುವದು. ಅದರಿಂದ ಎಣ್ಣೆ ಚಿಮ್ಮಿ ಹಲ್ಲುಗಳನ್ನು ತೋಯಿಸುವದು. ಅದು ಕಟ್ಟಿದ್ದರೆ ಎಂಥ ಹೊಸ ಗಾಲಿಯೂ ಬಾಳುವದಿಲ್ಲ. ತೆಳುವಾದ ತಂತಿ ಹಾಯಿಸಿ, ಗಾಳಿ ಊದಿ ತೆರವು ಮಾಡಬೇಕು.

ನಾರಿನ ಗಾಲಿಯ ಹಲ್ಲುಗಳು ಉದುರಿದ್ದರೆ ಎಂಜಿನ್ನಿನ ಕೆಳಗಿನ ಎಣ್ಣೆಯ ತೊಟ್ಟಿಯನ್ನು ಬಿಚ್ಚಿ ತೊಳೆಯಲೇಬೇಕು. ಚೂರುಗಳು ಪಂಪಿನ ಜರಡಿಗೆ ಕಟ್ಟಿಕೊಂಡು ಎಣ್ಣೆಯನ್ನು ತಡೆಯುವವು. ಖರ್ಚು ಉಳಿಸಲೆಂದು ಇದನ್ನು ಬಿಟ್ಟವರು, ಮುಂದೆ ಬೇರಿಂಗುಗಳು ಸುಟ್ಟು ಪೂರ್ತಿ ಎಂಜಿನ್ನನ್ನೇ ಕಟ್ಟಿಸಬೇಕಾಗುವದು. ಎಣ್ಣೆಯ ಪಂಪನ್ನು ಬಿಚ್ಚಿದ ಪ್ರಸಂಗದಲ್ಲಿ, ಅದರ ಸೀಳು ಮೊದಲಿನ ನೆಲೆಯಲ್ಲಿಯೇ ಕೂಡ್ರಬೇಕು. ಇಲ್ಲವಾದರೆ ಗಾಲಿಗಳು ಸರಿಯಿದ್ದರೂ ಕಿಡಿಯ ಕಾಲವು ತಪ್ಪುವದು.

ಡೀಸೆಲ್ ಜೀಪುಗಳ ವಿಷಯ

ಪಕ್ಕದ ವಾಲ್ವಿನ ಪೆಟ್ರೋಲ್ ಎಂಜಿನ್ನಿನಲ್ಲಿ ಹಲ್ಲುಗಾಲಿ ಮುರಿದರೆ ಗಾಡಿ ನಿಲ್ಲುವದು, ವಾಲ್ವುಗಳಿಗೆ ಪಿಸ್ಟನ್ನು ತಾಕುವದಿಲ್ಲ. ಡೀಸೆಲ್ ಎಂಜಿನ್ನಿನ ಮಾತು ಬೇರೆ. ಅದರಲ್ಲಿ ಗಾಳಿಯನ್ನು ಬಹಳವಾಗಿ ಒತ್ತಬೇಕಾಗುವದರಿಂದ ಪಿಸ್ಟನ್ನಿಗೂ ತಲೆಗೂ ನಡುವೆ ಉಳಿಯುವ ಜಾಗವು ಅತ್ಯಲ್ಪ. ಕಾಲ ತಪ್ಪಿದ ವಾಲ್ವು ಪಿಸ್ಟನ್ನಿಗೆ ಬಡಿದು ಬಾಗುವದು. ಇದಲ್ಲದೆ ಡೀಸೆಲ್ಲನ್ನು ಚಿಮ್ಮಿಸುವ ಪಂಪೂ ಆ ಹಲ್ಲುಗಾಲಿಗಳ ಸಾಲಿನಿಂದಲೇ ತಿರುಗುವದು. ಪಂಪು ಮುಂಚೆ ಚಿಮ್ಮಿಸಿದರೆ ಸುತ್ತಿಗೆಯಿಂದ ಬಡಿದಂಥ ಗಡುಸು ಸಪ್ಪಳ. ತಡವಾಗಿ ಚಿಮ್ಮಿಸಿದರೆ ಬಿಳಿ ಹೊಗೆ, ಎಳೆತದ ಕೊರತೆ, ಕಾವು.

ಈ ಸಾಲಿನಲ್ಲಿ ನಡುವೆ ಒಂದು ಮಧ್ಯಸ್ಥ ಗಾಲಿಯಿದ್ದರೆ, ಒಮ್ಮೆ ಕೂಡಿಸಿದ ಗುರುತುಗಳು ಎರಡು ಸುತ್ತಿಗೆ ಮರಳಿ ಎದುರಾಗುವದಿಲ್ಲ. ಅನೇಕ ಸುತ್ತುಗಳ ಮೇಲೆ ಎದುರಾಗುವವು. ಇದನ್ನರಿಯದೆ ಸರಿಯಿದ್ದುದನ್ನು ಬಿಚ್ಚಿ ಕೆಡಿಸಬಾರದು. ಡೀಸೆಲ್ ಪಂಪಿನ ಬೋಲ್ಟುಗಳನ್ನು ಸಡಿಲಿಸುವ ಮೊದಲು ಪಂಪಿಗೂ ಎಂಜಿನ್ನಿಗೂ ಕೂಡಿಸಿ ಒಂದು ಗೆರೆ ಕೊರೆದಿಡಬೇಕು. ಅದರ ಅಂಶಗಳು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆಯಾದ್ದರಿಂದ ಆಯಾ ಕಾರಖಾನೆಯ ಪುಸ್ತಕವನ್ನೇ ಅನುಸರಿಸಬೇಕು. ಈಚಿನ ಕೆಲವು ಗಾಡಿಗಳಲ್ಲಿ ಹಲ್ಲುಗಾಲಿಗಳ ಬದಲು ಹಲ್ಲುಳ್ಳ ರಬ್ಬರು ಪಟ್ಟಾ ಇರುವದು; ಅದು ಸಪ್ಪಳ ಮಾಡಿ ಎಚ್ಚರಿಸದೆ ಒಮ್ಮೆಲೆ ಹರಿಯುವದು. ತಯಾರಕರು ಹೇಳಿದ ಮೈಲುಗಳಾದ ಕೂಡಲೆ, ನೋಡಲಿಕ್ಕೆ ಚೆನ್ನಾಗಿದ್ದರೂ ಅದನ್ನು ಬದಲಿಸತಕ್ಕದ್ದು.

ಎಣ್ಣೆ ಮತ್ತು ಧೂಳು

ಟೈಮಿಂಗಿನ ಗಾಲಿಗಳನ್ನು ತಿನ್ನುವ ಮುಖ್ಯ ಶತ್ರು ಹೊಲಸು ಎಣ್ಣೆ. ಬೇಸಿಗೆಯಲ್ಲಿ ಎರೆಯ ದಾರಿಗಳ ಹುಡಿ, ಬಾದಾಮಿಯ ಕಡೆಯ ಕೆಂಪು ಉಸುಕು, ಇಲಕಲ್ಲಿನ ಗ್ರ್ಯಾನೈಟ ಕಲ್ಲುಗಣಿಗಳ ಧೂಳು ಇವೆಲ್ಲ ಎಂಜಿನ್ನಿನ ಉಸಿರಿನೊಡನೆ ಒಳಗೆ ಹೋಗುವವು. ಅವುಗಳಲ್ಲಿ ಗ್ರ್ಯಾನೈಟಿನ ಪುಡಿಯು ಸಾಣೆಕಲ್ಲಿನಂತೆ ಲೋಹವನ್ನು ಸವೆಸುವದು. ಗಾಳಿ ಸೋಸುವ ಬಟ್ಟಲಿನ ಎಣ್ಣೆಯನ್ನು ಧೂಳಿನ ದಿನಗಳಲ್ಲಿ ವಾರಕ್ಕೊಮ್ಮೆಯಾದರೂ ನೋಡಿ, ತಳದಲ್ಲಿ ಕೆಸರು ಕಂಡರೆ ತೊಳೆದು ಹೊಸ ಎಣ್ಣೆ ಹಾಕಬೇಕು.

ಎಂಜಿನ್ನಿನ ಎಣ್ಣೆಯನ್ನು 2000 ಮೈಲು, ಅಂದರೆ ಸುಮಾರು 3200 ಕಿಲೋಮೀಟರುಗಳಿಗೊಮ್ಮೆ ಬದಲಿಸಬೇಕೆಂದೂ ಧೂಳಿದ್ದಲ್ಲಿ ಇನ್ನೂ ಬೇಗನೆ ಬದಲಿಸಬೇಕೆಂದೂ ತಯಾರಕರ ಸೂಚನೆ. ನಮ್ಮ ಸೀಮೆಯಲ್ಲಿ ಅದರ ಅರ್ಧಕ್ಕೇ ಬದಲಿಸುವದು ಲೇಸು. ಹೊಲದಲ್ಲಿ ತಗ್ಗು ಗೇರಿನಲ್ಲಿ ತಾಸುಗಟ್ಟಲೆ ದುಡಿಯುವ ಜೀಪಿನ ಎಂಜಿನ್ನು ಮೈಲಿಗಳ ಲೆಕ್ಕಕ್ಕಿಂತ ಎಷ್ಟೋ ಹೆಚ್ಚು ತಿರುಗಿರುವದೆಂಬದನ್ನು ಮರೆಯಲಾಗದು. ತೊಟ್ಟಿಯಲ್ಲಿ ಸುಮಾರು 4 ಲೀಟರು ಎಣ್ಣೆ ಹಿಡಿಯುವದು. ಬಸಿಯುವಾಗ ಎಣ್ಣೆಯನ್ನು ಬಿಳಿ ಅರಿವೆಯಲ್ಲಿ ಸೋಸಿ, ನಾರಿನ ಚೂರುಗಳಾಗಲಿ ಲೋಹದ ಹೊಳಪಾಗಲಿ ಇದೆಯೋ ಎಂದು ನೋಡುವ ರೂಢಿ ಇಟ್ಟುಕೊಳ್ಳಬೇಕು. ಬಸಿದ ಎಣ್ಣೆಯನ್ನು ಹಳ್ಳಕ್ಕೂ ಬಾವಿಯ ದಂಡೆಗೂ ಚೆಲ್ಲಬಾರದು.

ಹ್ಯಾಂಡಲು ಹಿಡಿಯುವ ಕ್ರಮ

ಹ್ಯಾಂಡಲು ಹೊಡೆಯುವವರು ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟು ಹಿಡಿಯಬೇಕು. ಹಿಡಿಯ ಸುತ್ತ ಸುತ್ತಿ ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕೇ ಹೊರತು, ಮೇಲಿನಿಂದ ಕೆಳಕ್ಕೆ ಮೈಭಾರ ಹಾಕಿ ಒತ್ತಬಾರದು. ಮೇಲಕ್ಕೆಳೆಯುವಾಗ ಎಂಜಿನ್ನು ಒದೆದರೆ ಹ್ಯಾಂಡಲು ಬೆರಳುಗಳಿಂದ ಜಾರಿಹೋಗುವದು. ಕೆಳಗೆ ಒತ್ತುವಾಗ ಒದೆದರೆ ಕೈ ಸಿಕ್ಕಿಬೀಳುವದು. ಒಮ್ಮೆ ಒದೆದ ಎಂಜಿನ್ನನ್ನು, ಕಿಡಿಯ ಕಾಲವನ್ನು ನೋಡದೆ ಎರಡನೆಯ ಸಲ ಯಾರೂ ತಿರುಗಿಸಲಾಗದು. ಮನೆಯ ಹುಡುಗರ ಕೈಗಂತೂ ಹ್ಯಾಂಡಲನ್ನು ಕೊಡಲೇಬಾರದು.

ವರ್ಷದ ಕ್ರಮ

ಸುಗ್ಗಿ ಮುಗಿದು ಕಣ ಬರಿದಾದ ಮೇಲೆ, ಮುಂಗಾರಿ ಮಳೆಯ ಮೊದಲು ಗಾಡಿಗೆ ಪುರಸತ್ತು ಇರುವದು. ಮೇಲಿನ ಮೂರೂ ಪರೀಕ್ಷೆಗಳನ್ನು ಆಗ ಮಾಡಿ ವಹಿಯಲ್ಲಿ ಬರೆಯಬೇಕು. ಗಾಲಿ ಬದಲಿಸುವದಿದ್ದರೆ ಆ ಕಾಲದಲ್ಲಿಯೇ ಬದಲಿಸಬೇಕು. ಹಿಂಗಾರಿ ಬಿತ್ತನೆಯ ಮುಂಚೆ, ಅಂದರೆ ಭಾದ್ರಪದದ ಹೊತ್ತಿಗೆ, ಪಾಯಿಂಟು, ಪ್ಲಗ್ಗು, ಟ್ಯಾಪೆಟ್ಟು, ಎಣ್ಣೆ ಇವನ್ನು ಮತ್ತೊಮ್ಮೆ ನೋಡಬೇಕು. ಬಿತ್ತುವ ಹದ ನಮ್ಮ ಗಾಡಿಗಾಗಿ ಕಾಯುವದಿಲ್ಲ.

ಊರಿನಲ್ಲಿ ನಾಲ್ಕಾರು ಗಾಡಿ, ಟ್ರ್ಯಾಕ್ಟರುಗಳಿದ್ದರೆ ಮುಖಂಡರು ಕೂಡಿ ಒಂದು ಫೀಲರ್ ಗೇಜು, ಗಾಲಿ ಎಳೆಯುವ ಸಾಧನ, ಪರೀಕ್ಷೆಯ ಬಲ್ಬು ಇವನ್ನು ಸಾಮಾಯಿಕವಾಗಿ ಕೊಂಡಿಡುವದು ಅನುಕೂಲ. ಓದುಬರಹ ಬಲ್ಲ ಒಬ್ಬಿಬ್ಬರು ತರುಣರಿಗೆ ಈ ಪರೀಕ್ಷೆಗಳನ್ನು ಕಲಿಸಿದರೆ, ಮಿಸ್ತ್ರಿಯು ಏನು ಮಾಡಿದನೆಂಬದನ್ನು ತಿಳಿದುಕೊಳ್ಳುವ ಕಣ್ಣು ಊರಿನಲ್ಲಿಯೇ ಇದ್ದಂತಾಗುವದು. ಮಿಸ್ತ್ರಿಯನ್ನು ಸಂಶಯಿಸುವದು ಇದರ ಉದ್ದೇಶವಲ್ಲ. ಮಾಲಕನು ಗುರುತುಗಳನ್ನು ನೋಡಬಲ್ಲನೆಂದು ತಿಳಿದಾಗ ಒಳ್ಳೆಯ ಮಿಸ್ತ್ರಿಗೂ ಉತ್ಸಾಹವೇ ಹೆಚ್ಚುವದು.

ಹುನಗುಂದದ ಆ ಜೀಪಿಗೆ ಗುರುತು ಕೂಡಿಸಿ, ಕಿಡಿಯನ್ನು 5 ಅಂಶಕ್ಕೆ ತಂದ ಮೇಲೆ ಅದು ಹೊಲದ ಏರನ್ನು ಸಲೀಸಾಗಿ ಹತ್ತುತ್ತಿದೆ. ಆ ಮನೆಯ ಯಜಮಾನರು ಈಗ ವಹಿ ಇಟ್ಟಿದ್ದಾರೆ. ಅದರಲ್ಲಿ ಅಳತೆ ಬರೆಯುವವನು ಅವರ ಹಿರಿಯ ಮಗನೇ. ಎಲುಬು ಕೂಡಿದೆ, ಆದರೆ ಚಳಿಗಾಲದಲ್ಲಿ ಮಣಿಕಟ್ಟು ನೋಯುವದೆಂದು ಅವನು ಹೇಳಿದನು. ಇತರ ಮನೆಗಳಲ್ಲಿ ವಹಿಯು ಅಂಥ ನೋವಿಗಿಂತ ಮುಂಚೆಯೇ ಆರಂಭವಾಗಲೆಂಬದೇ ಈ ಲೇಖದ ಉದ್ದೇಶ.